ಮೂರನೇ ಬೆಂಚಿನ ಗ್ಲಾಸು

ಬಾರಿನಲ್ಲಿ ನನ್ನ ಗ್ಲಾಸು ಎಲ್ಲರದೂ ಆದ ಮೇಲೆ ಬರತೊಡಗಿದಾಗ ಮೊದಲ ಎರಡು ದಿನ ನಾನೇ ಸಮಾಧಾನ ಮಾಡಿಕೊಂಡೆ. ಜನ ಜಾಸ್ತಿ ಇದ್ದಾರೆ, ಬಾರಿನ ಯಜಮಾನನಿಗೂ ವಯಸ್ಸಾಯಿತು, ಮರೆತಿರಬಹುದು ಎಂದುಕೊಂಡೆ. ಮೂರನೆಯ ದಿನ ನನ್ನ ಆಚೆ ಕೂತವರಿಗೂ ಈಚೆ ಕೂತವರಿಗೂ ಕೊಟ್ಟು, ನಡುವೆ ಕೂತ ನನ್ನನ್ನು ಮಾತ್ರ ದಾಟಿಕೊಂಡು ಹೋದ. ಎಲ್ಲರದೂ ಮುಗಿದ ಮೇಲೆ ನನ್ನದು ತಂದ. ನಾನು ಬಾಯಿ ಜೋರಿನ ಹೆಂಗಸು, ಊರಿಗೆಲ್ಲ ಗೊತ್ತು. ಆದರೂ ಆವತ್ತು ಒಂದು ಮಾತೂ ಆಡದೆ ಕೈಕಟ್ಟಿಕೊಂಡು ಕೂತೆ.

ನಮ್ಮೂರಲ್ಲಿ ಇರುವುದೊಂದೇ ಬಾರು. ಹೊತ್ತು ಮುಳುಗುವ ಮುಂಚೆ ಮಾತು ಬಲ್ಲವರೆಲ್ಲ ಅಲ್ಲಿಗೆ ಹೋಗುತ್ತಾರೆ, ಗಂಡಸರು, ಹೆಂಗಸರು, ಕಂಕುಳಲ್ಲಿ ಕೂಸು ಇಟ್ಟುಕೊಂಡ ಬಾಣಂತಿಯರು ಕೂಡ. ಕುಡಿಯುವವರಿಗೆ ಸಾರಾಯಿ, ಕುಡಿಯದವರಿಗೆ ಸೋಡಾ. ಗೋಡೆಯ ಹಲಗೆಯ ಮೇಲೆ ಒಬ್ಬೊಬ್ಬರಿಗೂ ಅವರದೇ ಆದ ಗ್ಲಾಸು ಇರುತ್ತದೆ. ಯಜಮಾನ ಅದನ್ನು ತಂದು ಮುಂದಿಟ್ಟು ಹೆಸರು ಹಿಡಿದು ಕೂಗುತ್ತಾನೆ, ನಾವು 'ಓ' ಅನ್ನುತ್ತೇವೆ. ಅಷ್ಟಾದರೆ ಮಾರನೆಯ ಸಂಜೆಯವರೆಗೆ ಗಂಟಲಲ್ಲಿ ಮಾತಿರುತ್ತದೆ. ಕೂಗಿಸಿಕೊಳ್ಳದವರು ಬೆಳಿಗ್ಗೆ ಏಳುವಾಗ ಮೂಕರಾಗಿರುತ್ತಾರೆ. ಮೂರು ಸಂಜೆಯೊಳಗೆ ಕೂಗಿಸಿಕೊಂಡರೆ ಮಾತು ವಾಪಸು ಬರುತ್ತದೆ. ಮೂರೂ ತಪ್ಪಿದರೆ ಗಂಟುಮೂಟೆ ಕಟ್ಟಿಕೊಂಡು ಕೆಳಗಿನ ಓಣಿಗೆ ಹೋಗುವುದು. ಅವರನ್ನು ಯಾರೂ ಅಟ್ಟುವುದಿಲ್ಲ, ತಾವಾಗಿಯೇ ಹೋಗುತ್ತಾರೆ.

ಬಾರಿನ ಹೊರಗೆ ಯಾರ ಹೆಸರನ್ನೂ ಯಾರೂ ಆಡುವುದಿಲ್ಲ. ಬಾರಿನ ಒಳಗೂ ಯಜಮಾನನ ಬಾಯಿಂದ ಮಾತ್ರ ಬರಬೇಕು. ಕೂಸಿಗೆ ಹೆಸರಿಡುವ ದಿನ ತಂದೆ ಹೋಗಿ ಯಜಮಾನನ ಕಿವಿಯಲ್ಲಿ ಒಂದು ಸಲ ಹೇಳಿ ಬಂದರೆ ಮುಗಿಯಿತು. ಆಮೇಲೆ ಮನೆಯಲ್ಲಿ ಅವ್ವ, ಅಣ್ಣ, ಲೇ, ಇವಳೇ. ಬೀದಿಯಲ್ಲಿ ಕಸುಬು ಹಿಡಿದು ಕರೆಯುವುದು. ನಾನು ತಲೆಯ ಮೇಲೆ ಮಡಕೆ ಹೊತ್ತು ಎಲೆಯಡಿಕೆಗೂ ಗೋಡೆಗೂ ಸುಣ್ಣ ಮಾರುವವಳು, ಹಾಗಾಗಿ ಸುಣ್ಣದಕ್ಕ. ನಮ್ಮ ಮನೆಯವರು ಮಂಚಕ್ಕೆ ಹಗ್ಗ ಹೆಣೆಯುತ್ತಾರೆ, ಹಗ್ಗದಣ್ಣ. ನಮ್ಮ ಮದುವೆಯಾಗಿ ಮೂವತ್ತೆರಡು ವರ್ಷ. ನಾನು ಅವರ ಹೆಸರು ಹೇಳಿದವಳಲ್ಲ, ಅವರೂ ನನ್ನ ಹೆಸರು ಹೇಳಿದವರಲ್ಲ.

ಅವರಿಗೆ ಕಣ್ಣಿಲ್ಲ. ಹುಟ್ಟಿದಾಗಿನಿಂದ ಇಲ್ಲ. ನಾನು ಕಪ್ಪೋ ಬಿಳುಪೋ ಅವರಿಗೆ ಗೊತ್ತಿಲ್ಲ, ಅವರಿಗೆ ನಾನು ಅಂದರೆ ನನ್ನ ದನಿ. ಬೆಳಿಗ್ಗೆ ನಾನು ಸುಣ್ಣ ಕೂಗಿಕೊಂಡು ಯಾವ ಬೀದಿಯಲ್ಲಿ ತಿರುಗುತ್ತಿದ್ದೇನೆ ಎಂದು ಜಗುಲಿಯಲ್ಲಿ ಕೂತೇ ಹೇಳುತ್ತಿದ್ದರು. ಬಾಯಿ ಹೋದರೆ ನನ್ನ ವ್ಯಾಪಾರ ಹಾಳಾಗುತ್ತದೆ, ಅದು ಹಾಳಾಗಲಿ. ಅವರ ಮನೆಯೊಳಗೆ ಯಾರೋ ಓಡಾಡುತ್ತಿದ್ದಾರೆ ಎಂದು ಅವರಿಗೆ ಅನ್ನಿಸಬಾರದು. ನನಗೆ ಇದ್ದ ಭಯ ಅದೊಂದೇ.

ಇದೆಲ್ಲ ಯಾತಕ್ಕೆ ಶುರುವಾಯಿತು ಎನ್ನುವುದು ನನಗೆ ಗೊತ್ತಿತ್ತು. ಗ್ಲಾಸು ತಡವಾಗತೊಡಗಿದ ಹಿಂದಿನ ಸಂಜೆ ಟಿಕೀಟಣ್ಣ ಬಾರಿಗೆ ಬಂದಿದ್ದ. ಬಸ್ಸಿನ ಕಂಡಕ್ಟರಾಗಿದ್ದವನು. ಏಳು ವರ್ಷದ ಹಿಂದೆ ಅವನ ಬಸ್ಸು ಘಟ್ಟದಲ್ಲಿ ಕೆಟ್ಟು ನಿಂತು, ಅವನು ಊರು ಸೇರುವಷ್ಟರಲ್ಲಿ ಮೂರು ಸಂಜೆ ಕಳೆದಿತ್ತು. ಅದಕ್ಕೂ ಮುಂಚೆ ಇಪ್ಪತ್ತು ವರ್ಷ ಅವನು ನಮ್ಮ ಮೂರನೇ ಬೆಂಚಿನಲ್ಲೇ ಕೂರುತ್ತಿದ್ದ. ಆವತ್ತು ಬಂದವನು ಗ್ಲಾಸು ತೊಳೆಯುವ ತೊಟ್ಟಿಯ ಪಕ್ಕ ಟವಲು ಹಿಡಿದುಕೊಂಡು ನಿಂತ. ಯಾಕೆ ಬಂದನೋ, ಸುಮ್ಮನೆ ನೋಡಿಹೋಗೋಣ ಎಂದು ಬಂದನೋ ಏನೋ. ಎಲ್ಲರೂ ಗೋಡೆ ನೋಡತೊಡಗಿದರು. ನಾನು ಸರಿದು ಜಾಗ ಮಾಡಿ, ನನ್ನ ಸೋಡಾ ಗ್ಲಾಸು ಅವನ ಕಡೆ ತಳ್ಳಿದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. "ಬಾ ಮಹಾಲಿಂಗಪ್ಪ, ಕೂತ್ಕೋ" ಅಂದುಬಿಟ್ಟೆ.

ಟಿಕೀಟಣ್ಣನ ಬಾಯಿ ತೆರೆದದ್ದು ಕಂಡೆ. ಯಜಮಾನ ಕೈಲಿದ್ದ ಹೂಜಿಯನ್ನು ನಿಧಾನವಾಗಿ ಕೆಳಗಿಟ್ಟದ್ದು ಕಂಡೆ. ನಮ್ಮ ಮನೆಯವರ ರಟ್ಟೆ ಹಿಡಿದು ಎಬ್ಬಿಸಿಕೊಂಡು, ಹಿಂದೆ ತಿರುಗಿ ನೋಡದೆ ಹೊರಗೆ ಬಂದೆ.

ಆವತ್ತಿನಿಂದ ಒಂದೊಂದೇ ಶುರುವಾಯಿತು. ಮೊದಲು ಗ್ಲಾಸು ತಡವಾಯಿತು. ಆಮೇಲೆ ಅದರ ಅಂಚು ಚಕ್ಕೆ ಎದ್ದಿತ್ತು. ಆಮೇಲೆ ಸೋಡಾ ತೆರೆದಿಟ್ಟು ಯಾವ ಕಾಲವಾಗಿತ್ತೋ, ಗ್ಯಾಸೇ ಇರಲಿಲ್ಲ. ಒಂದು ದಿನ ಯಜಮಾನ ನಗುನಗುತ್ತಲೇ, "ಅಕ್ಕ, ನೀನು ಆ ತೊಟ್ಟಿ ಪಕ್ಕ ಕೂತ್ಕೋ, ಇಲ್ಲಿ ಜನ ಬರ್ತಾವ್ರೆ" ಅಂದ. ಆ ಜಾಗಕ್ಕೆ ಕತ್ತಲಾಗುವವರೆಗೂ ಯಾರೂ ಬರಲಿಲ್ಲ. ಹೆಸರು ಕೂಗುವಾಗಲೂ ಬೆನ್ನು ತಿರುಗಿಸಿಕೊಂಡು, ನನಗೇ ಕೇಳಿಸದ ಹಾಗೆ ಗೊಣಗುತ್ತಿದ್ದ. ಕೇಳಿಸಿತೋ ಇಲ್ಲವೋ, ನಾನು 'ಓ' ಅಂದುಬಿಡುತ್ತಿದ್ದೆ. ಬೆಳಿಗ್ಗೆ ಎದ್ದ ಕೂಡಲೇ ಕೆಮ್ಮಿ ನೋಡಿಕೊಳ್ಳುವುದು ಅಭ್ಯಾಸವಾಯಿತು.

ಪಕ್ಕದ ಮನೆಯ ಹೂವಿನಕ್ಕನಿಗೆ ಹೇಳಿಕೊಂಡೆ. ನಾನು ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ನನ್ನ ಜೊತೆಗಾತಿ ಅವಳು. ಹೂ ಕಟ್ಟುತ್ತಾ ತಲೆ ಎತ್ತದೆ ಕೇಳಿಸಿಕೊಂಡಳು.

"ಅಯ್ಯೋ ಬುಡಕ್ಕ. ನಿಂಗೆ ಹಂಗನ್ಸುತ್ತೆ ಅಷ್ಟೆ. ನಂಗೂ ಒಂದಿನ ತಡವಾಗೇ ಕೊಟ್ಟ."

"ಒಂದಿನ ಬೇರೆ, ಹದಿನೈದು ದಿನ ಬೇರೆ."

"ನೀನೂ ಸ್ವಲ್ಪ ಸುಮ್ಕಿದ್ದಿದ್ರೆ ಆಗೋದು," ಅಂದಳು. ಆಮೇಲೆ ನೂಲು ಕಡಿಯುವ ನೆಪದಲ್ಲಿ ಆ ಕಡೆ ತಿರುಗಿಕೊಂಡಳು. ಅಂದು ಸಂಜೆ ಬಾರಿನಲ್ಲಿ ನಾನು ಪಕ್ಕ ಕೂತಾಗ ಅವಳು ಸೆರಗನ್ನು ಎಳೆದು ತೊಡೆಯ ಮೇಲೆ ಇಟ್ಟುಕೊಂಡಳು. ಬೇಕೆಂದು ಮಾಡಿದಳೋ ಗೊತ್ತಿಲ್ಲ, ನನಗೆ ಮಾತ್ರ ಅಳು ಬಂತು.

ಅದರ ಮಾರನೆಯ ಸಂಜೆ ನನ್ನ ಗ್ಲಾಸು ಬರಲೇ ಇಲ್ಲ. ಎಲ್ಲರೂ 'ಓ' ಅಂದು ಕುಡಿದು ಎದ್ದು ಹೋದರು. ನಮ್ಮ ಮನೆಯವರದ್ದೂ ಆಗಿತ್ತು. ಯಜಮಾನ ಮೇಜು ಒರೆಸುತ್ತಾ ಬಂದು, "ಬಾಗ್ಲಾಕ್ಬೇಕು ಕಣಮ್ಮ" ಅಂದ.

"ನನ್ ಗ್ಲಾಸು ಎಲ್ಲಿ ಯಜಮಾನ್ರೇ?"

"ಒಡೆದೋಯ್ತು."

"ಬೇರೆ ಗ್ಲಾಸಲ್ಲಿ ಕೊಡಿ. ಕೊಡದಿದ್ರೂ ಪರವಾಗಿಲ್ಲ, ಹೆಸರು ಕೂಗಿಬಿಡಿ ಸಾಕು."

"ಗ್ಲಾಸಿಲ್ದೆ ಹೆಂಗಮ್ಮ ಕೂಗೋದು? ನಮ್ಮಪ್ಪನ ಕಾಲದಿಂದ ಇರೋ ಪದ್ಧತಿ. ನಾಳೆ ಹೊಸ್ದು ತರಿಸ್ತೀನಿ, ಹೋಗು."

ನಾನು ಅವನಿಗೆ ಕೈ ಮುಗಿದೆ. ಯಾರಿಗೂ ಬಗ್ಗಿದವಳಲ್ಲ ನಾನು, ಆ ಹೊತ್ತಿನಲ್ಲಿ ಮುಗಿದೆ. ಅವನು ಮೇಜಿನ ಮೇಲಿನ ಕಲೆಯನ್ನೇ ಒರೆಸುತ್ತಾ ನಿಂತ. ಮನೆಗೆ ಬರುವ ದಾರಿಯುದ್ದಕ್ಕೂ ನಾನು ನಿಲ್ಲಿಸದೆ ಮಾತಾಡಿದೆ, ಉಪ್ಪಿನ ಡಬ್ಬಿ ಯಾವ ಗೂಡಿನಲ್ಲಿದೆ, ನೀರಿನ ಹಂಡೆ ಎಲ್ಲಿದೆ, ಒಲೆ ಹತ್ತಿರ ಹೋಗಬೇಡಿ ಎಂದೆಲ್ಲ. ಅವರು ಹೂಂಗುಟ್ಟುತ್ತಾ ನನ್ನ ಭುಜ ಬಿಗಿಯಾಗಿ ಹಿಡಿದುಕೊಂಡು ನಡೆದರು.

ಬೆಳಿಗ್ಗೆ ಎದ್ದು ಕೆಮ್ಮಿದೆ. ಗಾಳಿ ಬಂತು, ಸದ್ದು ಬರಲಿಲ್ಲ. ಬಾಯಿ ತೆರೆದು ಎಷ್ಟು ತಿಣುಕಿದರೂ ಅಷ್ಟೇ. ನಮ್ಮ ಮನೆಯವರು ಇನ್ನೂ ಮಲಗಿದ್ದರು. ಎಬ್ಬಿಸೋಣ ಎಂದು ತೋಳು ಮುಟ್ಟಿದೆ. ಅವರು ಬೆಚ್ಚಿ ಗೋಡೆಗೆ ಸರಿದು, "ಯಾರದು?" ಅಂದರು. ನಾನು ಕೈ ತೆಗೆಯಲಿಲ್ಲ. "ಯಾರು ಅಂತ ಕೇಳ್ತಿದೀನಲ್ಲ," ಅಂತ ನನ್ನ ಕೈಯನ್ನು ಕಿತ್ತು ಎಸೆದರು. ಅವರ ಮುಖದಲ್ಲಿ ಅಂಥ ಹೆದರಿಕೆಯನ್ನು ನಾನು ಯಾವತ್ತೂ ಕಂಡಿರಲಿಲ್ಲ. ಅವರು ಹೆದರಿದ್ದು ನನಗೆ. ನನ್ನ ಅಂಗೈ ಸುಣ್ಣಕ್ಕೆ ಬಿರುಕು ಬಿಟ್ಟಿದೆ, ಅದನ್ನು ಬಲವಂತವಾಗಿ ಅವರ ಕೆನ್ನೆಗೆ ಒತ್ತಿ ಹಿಡಿದೆ. ಸ್ವಲ್ಪ ಹೊತ್ತಿನ ಮೇಲೆ ಅವರ ಉಸಿರು ಹದಕ್ಕೆ ಬಂತು. "ಹೋಯ್ತಾ?" ಅಂದರು. ಅವರ ಕೆನ್ನೆಯ ಮೇಲೆ ಬೆರಳಿನಿಂದ ಒಂದು ಸಲ ತಟ್ಟಿದೆ. ಆವತ್ತಿನಿಂದ ಒಂದು ತಟ್ಟಿದರೆ ಹೌದು, ಎರಡು ತಟ್ಟಿದರೆ ಇಲ್ಲ ಎಂದಾಯಿತು.

ಎರಡನೆಯ ಸಂಜೆ ಎಲ್ಲರಿಗಿಂತ ಮುಂಚೆ ಹೋಗಿ ಮೊದಲನೇ ಬೆಂಚಿನಲ್ಲೇ ಕೂತೆ. ಹೊಸ ಗ್ಲಾಸು ಬಂದಿರಲಿಲ್ಲ. ಯಜಮಾನ ನನ್ನನ್ನು ಬಿಟ್ಟು ನಮ್ಮ ಮನೆಯವರ ಕ್ಷೇಮ ವಿಚಾರಿಸಿದ, "ಅಕ್ಕ ಯಾಕೋ ಇವತ್ತು ಮಾತೇ ಆಡ್ತಿಲ್ವಲ್ಲಣ್ಣ" ಎಂದು ಕೇಳಿದ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನನಗೆ ಮೈ ಉರಿದುಹೋಯಿತು, ಆದರೆ ಬೈಯಲು ಬಾಯಿ ಎಲ್ಲಿದೆ? ಬಾಯಿ ಕಿತ್ತುಕೊಂಡ ಮೇಲೆ ಯಾರು ಏನು ಬೇಕಾದರೂ ಅನ್ನಬಹುದು. ಕೂತಲ್ಲೇ ಕೂತಿದ್ದು ಬಂದೆ.

ಮನೆಯಲ್ಲಿ ಅವರು ಹಗ್ಗದ ಉಂಡೆ ಮಡಿಲಲ್ಲಿ ಇಟ್ಟುಕೊಂಡು ಕೂತರು. ಆಮೇಲೆ, "ಲೇ, ಯಜಮಾನನ್ನ ಯಾರು ಕೂಗ್ತಾರೆ, ಗೊತ್ತಾ?" ಅಂದರು.

ನಾನು ಎರಡು ತಟ್ಟಿದೆ. ಈ ಪ್ರಶ್ನೆ ನನಗೆ ಯಾವತ್ತೂ ಹೊಳೆದಿರಲಿಲ್ಲ.

"ದಿನಾ ಬಾಗ್ಲಾಕಿದ್ ಮೇಲೆ ನಾವು ಬಾರಿನ ಅಡಿಗೆಮನೆ ಗೋಡೆ ಪಕ್ಕದ ಮೆಟ್ಲಿಳೀತೀವಲ್ಲ, ಆಗ ಒಳಗಿಂದ ಅವನ ಹೆಂಡ್ತಿ ಕೂಗ್ತಾಳೆ. 'ಮುದ್ದುರಂಗಪ್ಪ' ಅಂತಾಳೆ. ಇವನು 'ಓ' ಅಂತಾನೆ. ವರ್ಷಗಟ್ಲೆಯಿಂದ ಕೇಳ್ತಿದೀನಿ. ನೀನು ಮಾತಾಡ್ಕಂಡೇ ಇಳೀತೀಯ, ನಿಂಗೆಲ್ಲಿ ಕೇಳ್ಬೇಕು? ಅವರ ಮನೆಗೆ ಬೇರೆ ಪದ್ಧತಿ ಇರ್ಬೌದು ಅಂತ ನಾನೂ ಸುಮ್ಕಿದ್ದೆ." ಹಗ್ಗದ ಉಂಡೆ ಪಕ್ಕಕ್ಕಿಟ್ಟು, "ಆವತ್ತು ನೀನು ಟಿಕೀಟಣ್ಣನ್ನ ಕೂಗ್ದಾಗ ಅವನ ಗಂಟ್ಲಿಂದ ಏನೋ ಬಂತು ಕಣೆ. ಸಣ್ಣಗೆ ಬಂತು. ನೀನು ಎಳ್ಕೊಂಡು ಬಂದ್ಬುಟ್ಟೆ," ಅಂದರು.

ಅವರು ಏನು ಮಾಡಲು ಹೊರಟಿದ್ದಾರೆ ಎಂದು ನನಗೆ ತಿಳಿಯಿತು. ಅವರ ತೊಡೆಯ ಮೇಲೆ ಎರಡು ತಟ್ಟಿದೆ. ಮತ್ತೆ ಎರಡು. ಮತ್ತೆ ಎರಡು. ಅವರ ಗ್ಲಾಸೂ ಹೋದರೆ? ಕಣ್ಣಿಲ್ಲದವರಿಗೆ ಬಾಯಿಯೂ ಇಲ್ಲದಿದ್ದರೆ ಗತಿಯೇನು? ನೀರು ಬೇಕೆಂದು ಯಾರನ್ನು ಹೇಗೆ ಕೇಳುತ್ತಾರೆ? ಅವರು ನನ್ನ ಕೈ ಹಿಡಿದು ನಿಲ್ಲಿಸಿ, "ಸಾಕು, ಗೊತ್ತಾಯ್ತು" ಅಂದರು. ಗೊತ್ತಾಯಿತು ಅಂದರೇ ಹೊರತು ಆಗಲಿ ಅನ್ನಲಿಲ್ಲ. ಹಟಮಾರಿ ಮನುಷ್ಯ.

ಮೂರನೆಯ ಸಂಜೆ ಬಾರು ತುಂಬಿತ್ತು. ಏನಾಗುತ್ತದೋ ನೋಡಬೇಕೆಂದು ದಿನಾ ಬೇಗ ಎದ್ದು ಹೋಗುವವರೂ ಕೂತಿದ್ದರು. ಹಲಗೆಯ ಮೇಲೆ ನನ್ನ ಗ್ಲಾಸಿನ ಜಾಗದಲ್ಲಿ ಬೆಂಕಿಪೊಟ್ಟಣ ಇಟ್ಟಿದ್ದರು. ಯಜಮಾನ ಒಬ್ಬೊಬ್ಬರನ್ನೇ ಕೂಗುತ್ತಾ ಬಂದ. ನಮ್ಮ ಬೆಂಚಿಗೆ ಬಂದು, ನಮ್ಮ ಮನೆಯವರ ಮುಂದೆ ಸಾರಾಯಿ ಇಟ್ಟು, "ಜವರಯ್ಯ" ಅಂದ. ಇವರು ಎಲ್ಲಿ ತಪ್ಪಿಬಿಡುತ್ತಾರೋ ಎಂದು ನಾನು ತೊಡೆ ಚಿವುಟಿದೆ. "ಓ" ಅಂದರು. ನನಗೆ ಉಸಿರು ಬಂತು. ಯಜಮಾನ ನನ್ನನ್ನು ದಾಟಿ ಮುಂದಿನವರ ಗ್ಲಾಸು ತರಲು ಹೋದ. ಕಿಟಕಿಯಲ್ಲಿ ಹೊತ್ತು ಮುಳುಗಲು ಇನ್ನು ಸ್ವಲ್ಪವೇ ಇತ್ತು.

ಇವರು ಎದ್ದು ನಿಂತರು. ನಾನು ಪಂಚೆ ಹಿಡಿದು ಎಳೆದೆ, ಕೂರಲಿಲ್ಲ. ಗ್ಲಾಸನ್ನು ಮುಟ್ಟಿ ಹುಡುಕಿ ನನ್ನ ಮುಂದೆ ಸರಿಸಿ, "ಸಿದ್ದಗಂಗಮ್ಮ" ಅಂದರು.

ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ನನ್ನ ಹೆಸರನ್ನು ಅವರ ಬಾಯಲ್ಲಿ ಕೇಳಿದೆ. ಎಲ್ಲರೂ ತಿರುಗಿ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಬಾಯಿ ತೆರೆದು, ಏನೂ ಬರದೇ ಹೋದರೆ ಅವರ ತ್ಯಾಗವೂ ದಂಡವಾಗುತ್ತದೆ. ತೆರೆಯಲು ಧೈರ್ಯವಾಗಲಿಲ್ಲ.

"ಕೂತ್ಕೊಳ್ಳಯ್ಯ, ಇದೆಲ್ಲ ಇಲ್ಲಿ ಬೇಡ," ಅಂದ ಯಜಮಾನ. ದನಿ ಮೆತ್ತಗಿತ್ತು.

"ಸಿದ್ದಗಂಗಮ್ಮ," ಅಂದರು ಇವರು ಇನ್ನೊಂದು ಸಲ. ಹಿತ್ತಿಲಲ್ಲಿರುವವಳನ್ನು ಊಟಕ್ಕೆ ಕರೆದ ಹಾಗೆ, ಅವಸರವಿಲ್ಲದೆ.

"ಓ," ಅಂದೆ.

ಬಂತು. ಒರಟಾಗಿತ್ತು, ಆದರೆ ನನ್ನದೇ ದನಿ. ಇವರು ತಲೆಯಾಡಿಸಿ ಕೂತುಕೊಂಡರು. ಯಾರೂ ಸಂತೋಷಪಡಲಿಲ್ಲ, ಯಾರೂ ಬೈಯಲೂ ಇಲ್ಲ. ಯಜಮಾನನ ಮುಖ ನೋಡಿದೆ. ಅವನು ಸಿಟ್ಟಾಗಿದ್ದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಅವನು ಬಿಳಿಚಿಕೊಂಡಿದ್ದ. ಬೆಂಚುಗಳ ಮೇಲೆ ಕೂತ ಪ್ರತಿಯೊಬ್ಬರಿಗೂ ಕೆಳಗಿನ ಓಣಿಯಲ್ಲಿ ಯಾರಾದರೊಬ್ಬರು ಇದ್ದರು. ಒಬ್ಬರಿಗೆ ತಮ್ಮ, ಒಬ್ಬರಿಗೆ ಚಿಕ್ಕಪ್ಪ. ಯಾರಾದರೂ ಕೂಗಿದ್ದರೆ ಆಗುತ್ತಿತ್ತು ಎನ್ನುವುದು ಎಲ್ಲರಿಗೂ ಒಟ್ಟಿಗೇ ಹೊಳೆದಿರಬೇಕು. ಯಜಮಾನ ಗಂಟಲು ಸರಿಮಾಡಿಕೊಂಡು ಮುಂದಿನ ಹೆಸರು ಕೂಗಿದ. ಆ ಮನುಷ್ಯ ಎಂದಿಗಿಂತ ಬೇಗ 'ಓ' ಅಂದ.

ಮಾರನೆಯ ದಿನ ಹಲಗೆಯ ಮೇಲೆ ನಮ್ಮಿಬ್ಬರ ಗ್ಲಾಸೂ ಇರಲಿಲ್ಲ. ಇರುವುದಿಲ್ಲ ಎಂದು ಗೊತ್ತಿತ್ತು. ಹೊತ್ತು ಮುಳುಗುವ ಹೊತ್ತಿಗೆ ನಮ್ಮ ಮನೆ ಹೊಸ್ತಿಲ ಮೇಲೆ ಕೂತು ಅವರು ನನ್ನನ್ನು ಕೂಗಿದರು, ನಾನು ಅವರನ್ನು ಕೂಗಿದೆ. ಗಂಡನ ಹೆಸರು ಹೇಳುವಾಗ ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ. ಊರಿನವರು ಬಂದು ಜಗಳವಾಡಲಿಲ್ಲ. ಸುಣ್ಣ ಎಂದು ನಾನು ಕೂಗಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೆಣೆಯಲು ಕೊಟ್ಟ ಮಂಚಗಳನ್ನು ಅರ್ಧಕ್ಕೇ ವಾಪಸು ಹೊತ್ತುಕೊಂಡು ಹೋದರು. ಹೂವಿನಕ್ಕ ಜಗುಲಿಗೆ ಬರುವುದನ್ನೇ ಬಿಟ್ಟು, ಒಳಗೆ ಕತ್ತಲಲ್ಲಿ ಕೂತು ಹೂ ಕಟ್ಟುತ್ತಿದ್ದಳು.

ಕೆಳಗಿನ ಓಣಿಗೆ ಹೋಗಲು ನನಗೆ ಎಂಟು ದಿನ ಧೈರ್ಯ ಬರಲಿಲ್ಲ. ಟಿಕೀಟಣ್ಣನನ್ನು ಕೂಗಿ, ಅವನು ಓಗೊಡದಿದ್ದರೆ ನೆಮ್ಮದಿ. ಮೂರು ಸಂಜೆಯ ಲೆಕ್ಕ ನಿಜ, ನಮ್ಮ ತಪ್ಪೇನೂ ಇಲ್ಲ ಎಂದು ಮನೆಗೆ ಬರಬಹುದು. ಓಗೊಟ್ಟರೆ? ಏಳು ವರ್ಷ ಅವನ ಜಾಗದಲ್ಲಿ ಕಾಲು ಚಾಚಿ ಕೂತವಳು ನಾನೇ. ಒಂಬತ್ತನೆಯ ದಿನ ಊಟವಾದ ಮೇಲೆ ಸುಣ್ಣದ ಮಡಕೆ ಹೊತ್ತುಕೊಂಡು ಹೋದೆ. ಓಣಿಯಲ್ಲಿ ಕೋಳಿ ಕೆದಕುವ ಸದ್ದು ಬಿಟ್ಟರೆ ಏನೂ ಇಲ್ಲ. ಅವನ ಬಾಗಿಲಲ್ಲಿ ನಿಂತು, "ಮಹಾಲಿಂಗಪ್ಪ" ಅಂದೆ.

"ಓ," ಅಂತ ಒಳಗಿನಿಂದ ಬಂತು. ಮಡಕೆ ಇಳಿಸಿ ಅಲ್ಲೇ ಕೂತೆ.

ಅವನು ಹೊರಗೆ ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತ. "ಆವತ್ತೂ ಬಂದಿತ್ತು ಕಣಕ್ಕ. ಮಾರನೇ ಸಂಜೆ ತನಕ ಇತ್ತು. ಯಾರಿಗಾದ್ರೂ ಗೊತ್ತಾದ್ರೆ ನಿನ್ ಗ್ಲಾಸು ಇಳಿಸ್ತಾರೆ ಅಂತ ಬಾಗ್ಲಾಕ್ಕೊಂಡು ಒಬ್ನೇ ಮಾತಾಡ್ಕೊಂಡೆ."

ನನ್ನ ಗ್ಲಾಸು ಆಗಲೇ ಇಳಿಸಿಯಾಗಿತ್ತು ಎಂದು ಅವನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅಷ್ಟರಲ್ಲಿ ಬಾಗಿಲುಗಳು ತೆರೆದು ಜನ ಬಂದು ನಿಂತರು. ನನಗೆ ನೆನಪಿದ್ದವರನ್ನು ನಾನು ಕೂಗಿದೆ, ಅವನಿಗೆ ನೆನಪಿದ್ದವರನ್ನು ಅವನು ಕೂಗಿದ. ಕೊನೆಗೆ ಒಬ್ಬ ಅಜ್ಜಿ ಉಳಿದಳು. ನನ್ನ ಕೈ ಎತ್ತಿ ತನ್ನ ಗಂಟಲ ಮೇಲೆ ಇಟ್ಟುಕೊಂಡಳು.

"ಈ ಅಜ್ಜಿ ನಮ್ಮೆಲ್ರಿಗಿಂತ ಮುಂಚಿಂದ ಐತೆ," ಅಂದ ಟಿಕೀಟಣ್ಣ. "ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ."

ಗೊತ್ತಿದ್ದರೆ ಅದು ಬಾರಿನಲ್ಲಿ ಗೊತ್ತಿರಬೇಕು. ಅಲ್ಲಿಗೆ ಇನ್ನೊಂದು ಸಲ ಹೋಗಲು ನನಗೆ ಮನಸ್ಸಿರಲಿಲ್ಲ. ಅಜ್ಜಿ ನನ್ನ ಕೈ ಬಿಡಲಿಲ್ಲ. ಸಂಜೆ ಬಿಸಿಲು ಗೋಡೆ ಹತ್ತುವ ಹೊತ್ತಿಗೆ ಅವಳನ್ನು ಕರೆದುಕೊಂಡು ಬಾರಿನ ಮೆಟ್ಟಿಲು ಹತ್ತಿದೆ. ನನ್ನ ಮೂರನೇ ಬೆಂಚಿನ ಜಾಗದಲ್ಲಿ ಅವಳನ್ನು ಕೂರಿಸಿದೆ. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಹೂವಿನಕ್ಕ ಇದ್ದಳು. ಅವಳ ಸರದಿ ಇನ್ನೂ ಬಂದಿರಲಿಲ್ಲ.

"ನಿನ್ ಗ್ಲಾಸು ಇಲ್ಲ ಇಲ್ಲಿ," ಅಂದ ಯಜಮಾನ.

"ನಂಗೇನೂ ಬೇಡ. ಈಯಮ್ಮನ ಹೆಸರು ಏನು, ಅದೊಂದು ಹೇಳಿ, ಹೋಗ್ತೀನಿ."

ಅವನು ಅಜ್ಜಿಯನ್ನು ನೋಡಿ ಕಣ್ಣು ತಪ್ಪಿಸಿದ. "ನಂಗೊತ್ತಿಲ್ಲ. ನಮ್ಮಪ್ಪನ ಕಾಲದ್ದು. ಎದ್ದೋಗಿ ಇಬ್ರೂವೆ."

ನಾನು ಏಳಲಿಲ್ಲ. ಕಿಟಕಿಯ ಬಿಸಿಲು ಕೆಂಪಾಗುತ್ತಾ ಬಂತು. ಹೂವಿನಕ್ಕ ತಲೆ ತಗ್ಗಿಸಿ ಮಡಿಲಲ್ಲಿದ್ದ ನೂಲಿನ ತುಂಡನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಸುತ್ತುತ್ತಿದ್ದಳು. ಹಲಗೆಯ ಮೇಲಿದ್ದ ತನ್ನ ಗ್ಲಾಸನ್ನು ಒಂದು ಸಲ ನೋಡಿದಳು. ಆಮೇಲೆ ಯಾರ ಕಡೆಗೂ ನೋಡದೆ, ತುಂಬಾ ಸಣ್ಣ ದನಿಯಲ್ಲಿ, "ನಮ್ಮವ್ವ ಕಣಕ್ಕ ಅದು" ಅಂದಳು. "ನಂಗಾಗ ಆರು ವರ್ಷ."

ಅವಳು ಮುಖ ಎತ್ತಿ ಅಜ್ಜಿಯನ್ನು ನೋಡಿದಳು. ತುಟಿ ಎರಡು ಸಲ ಅಲುಗಿತು. ಮೂರನೆಯ ಸಲ, "ತೋಪಮ್ಮ" ಅಂದಳು.

ಅಜ್ಜಿ ಥಟ್ಟನೆ ಸೆರಗು ಸರಿಮಾಡಿಕೊಂಡು, ಒಲೆಯ ಮುಂದೆ ಕೂತವಳು ಎದ್ದು ಬರುವ ಹಾಗೆ ಮೊಣಕಾಲಿಗೆ ಕೈಯೂರಿದಳು.

"ಓ," ಅಂದಳು. "ಬಂದೆ ಇರು ಮಗ."